ಪಾಠಶಾಲೆಯೂ ಪ್ರಾಣನಿಕ್ಷೇಪವೂ

ಮಗುವನ್ನು ಪಾಠಶಾಲೆಗೆ ಕಳುಹಿಸುವ ತಾಯಿತಂದೆಗಳು ಅದರ ಬುದ್ಧಿಯನ್ನು ಮಾತ್ರವೇ ಉಪಾಧ್ಯಾಯರ ವಶಕ್ಕೆ ಒಪ್ಪಿಸುವುದಿಲ್ಲ. ಅದರ ದೇಹವನ್ನೂ ಪ್ರಾಣವನ್ನೂ ಜತೆಯಲ್ಲಿಯೇ ಒಪ್ಪಿಸುತ್ತಾರೆ. ಬೆಳಗಿನ ಗಂಟೆ ಮೊದಲ್ಗೊಂಡು ಸಾಯಂಕಾಲದ ಗಂಟೆಯವರೆಗೆ ಆ ಪ್ರಾಣವು ಗುರುವಿನ ಬಳಿ ಇಟ್ಟ ನಿಕ್ಷೇಪ. ಧರ್ಮಶಾಸ್ತ್ರಕಾರರು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ಒಬ್ಬನು ನಂಬಿ ಇಟ್ಟ ಒಡವೆಯನ್ನು ಇನ್ನೊಬ್ಬನು ಹೇಗೆ ಕಾಯತಕ್ಕದ್ದು, ಅದು ನಷ್ಟವಾದರೆ ಹೊಣೆ ಯಾರದು ಎಂಬುದನ್ನು ಅವರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಕಳ್ಳರು ಕದ್ದರೆ, ಪ್ರವಾಹವು ಕೊಚ್ಚಿದರೆ, ಬೆಂಕಿಯು ಸುಟ್ಟರೆ ಇಟ್ಟುಕೊಂಡವನು ಹೊಣೆಗಾರನಲ್ಲ. ಅವನ ಉಪೇಕ್ಷೆಯಿಂದ ಕೆಟ್ಟರೆ ಮಾತ್ರ ಹೊಣೆಗಾರನೇ ಸರಿ. ಬಂಗಾರದ ವಿಷಯದಲ್ಲಿಯೇ ಇಷ್ಟು ವಿವೇಚನೆಯಿರುವಾಗ, ಮಗುವಿನ ಪ್ರಾಣದ ವಿಷಯದಲ್ಲಿ ದೈವಕ್ಕೂ ಉಪೇಕ್ಷೆಗೂ ನಡುವಣ ಗೆರೆ ಎಲ್ಲಿದೆ? ಹಠಾತ್ ಹೃದಯಸ್ತಂಭನವೆಂಬ ವಿಪತ್ತಿನ ನಿದರ್ಶನದಿಂದ ಈ ಪ್ರಶ್ನೆಯನ್ನು ಪರೀಕ್ಷಿಸಬಹುದು.

ಆಟದ ಬಯಲಿನಲ್ಲಿ ಓಡುತ್ತಿದ್ದ ಹುಡುಗನಾಗಲಿ, ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಹುಡುಗಿಯಾಗಲಿ, ಕ್ಷಣಮಾತ್ರದಲ್ಲಿ ಕುಸಿದು ಬೀಳುವುದುಂಟು. ಇದು ಹೃದಯಾಘಾತಕ್ಕಿಂತ ಭಿನ್ನವಾದುದು. ಹೃದಯಾಘಾತದಲ್ಲಿ ರಕ್ತನಾಳವು ಕಟ್ಟಿ ಹೃದಯದ ಮಾಂಸವು ನೊಂದರೂ ಬಡಿತವು ಪ್ರಾಯಶಃ ನಡೆಯುತ್ತಿರುತ್ತದೆ. ಸ್ತಂಭನದಲ್ಲಾದರೋ ಹೃದಯವು ರಕ್ತವನ್ನು ನೂಕುವ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಅನೇಕ ವೇಳೆ ಅದರೊಳಗಿನ ವಿದ್ಯುತ್ತಿನ ಕ್ರಮವು ಕೆಟ್ಟು, ಬಡಿಯುವುದಕ್ಕೆ ಬದಲಾಗಿ ಸುಮ್ಮನೆ ಅದುರತೊಡಗುತ್ತದೆ. ಮಕ್ಕಳಲ್ಲಿ ಇದಕ್ಕೆ ಕಾರಣಗಳು ಹಲವು: ವಂಶಾನುಗತವಾಗಿ ದಪ್ಪನಾದ ಹೃದಯಸ್ನಾಯು, ಹುಟ್ಟಿನಿಂದಲೇ ಬಂದ ವಿದ್ಯುತ್ ದೋಷ, ಹೃದಯದ ರಕ್ತನಾಳದ ವಿಕೃತಿ, ಸೋಂಕಿನಿಂದ ಸ್ನಾಯುವಿಗೆ ತಗುಲಿದ ಉರಿಯೂತ. ದೋಷವೇನೂ ಇಲ್ಲದ ಎದೆಗೆ ಕೂಡ ಚೆಂಡು ಒಂದು ವಿಷಮ ಕ್ಷಣದಲ್ಲಿ ಬಡಿದರೆ ಸಾಕು. ಎಷ್ಟೋ ಮಕ್ಕಳಲ್ಲಿ ಒಳಗಣ ದೋಷವು ಮೊದಲು ತಿಳಿಯುವುದೇ ಅವರು ಬಿದ್ದ ದಿನ.

ಬಿದ್ದ ಬಳಿಕ ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಹಾನಿಯು ಮೊದಲಾಗುತ್ತದೆ. ಯಾರೂ ಕೈಹಚ್ಚದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ ೭ರಿಂದ ೧೦ರಷ್ಟು ಇಳಿಯುತ್ತ ಹೋಗುವುದೆಂದು ವೈದ್ಯರ ಗಣನೆ. ೧೦೮ಕ್ಕೆ ಕರೆಮಾಡಿದರೆ ಆಂಬುಲೆನ್ಸು ಬರುವುದು ನಿಜ; ಆದರೆ ಅಷ್ಟು ಅಲ್ಪಕಾಲದಲ್ಲಿ ಅದು ದೂರದ ಹಳ್ಳಿಯ ಶಾಲೆಯನ್ನು ಮುಟ್ಟುವುದು ದುರ್ಲಭ. ಆದುದರಿಂದ ಆ ಹೊತ್ತಿಗೆ ಮಗುವಿನ ಪಾಲಿಗೆ ವೈದ್ಯನೆಂದರೆ ಪಕ್ಕದಲ್ಲಿ ನಿಂತವನೇ. ಅಲ್ಲಿ ನಡೆಯುವುದೇನು? ಒಬ್ಬರು ಮೂರ್ಛೆಯೆಂದು ಮುಖಕ್ಕೆ ನೀರು ಚಿಮುಕಿಸುವರು. ಇನ್ನೊಬ್ಬರು ಅಪಸ್ಮಾರವೆಂದು ಅಂಗೈಯಲ್ಲಿ ಕಬ್ಬಿಣದ ಬೀಗದ ಕೈ ಇರಿಸುವರು. ಮತ್ತೊಬ್ಬರು ಈರುಳ್ಳಿ ತರಲು ಓಡುವರು. ಉಳಿದವರು ಗುಂಪುಗೂಡಿ ಗೋಳಾಡುವರು. ಇವರಲ್ಲಿ ಯಾರಿಗೂ ಕರುಣೆಯ ಕೊರತೆಯಿಲ್ಲ. ಕೊರತೆಯಿರುವುದು ವಿದ್ಯೆಯದು.

ಆ ವಿದ್ಯೆಯು ಬಹಳ ಹಳೆಯದಲ್ಲ. ೧೯೪೭ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯನು ೧೪ ವರ್ಷದ ಬಾಲಕನೊಬ್ಬನಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ಬಾಲಕನ ಹೃದಯವು ನಿಂತಿತು. ಬೆಕ್ಕನು ಎದೆಯನ್ನು ಮತ್ತೆ ತೆರೆದು, ಹೃದಯವನ್ನು ಕೈಯಿಂದಲೇ ಹಿಸುಕುತ್ತ ರಕ್ತವನ್ನು ನಡೆಯಿಸಿ, ಕಡೆಗೆ ವಿದ್ಯುತ್ತಿನ ಆಘಾತದಿಂದ ಅದರ ಅದುರನ್ನು ನಿಲ್ಲಿಸಿ ಬಡಿತವನ್ನು ಮರಳಿಸಿದನು. ಬಾಲಕನು ಬದುಕಿದನು. ೧೯೬೦ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದ ಕೌವನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ತೆರೆಯದೆ ಹೊರಗಿನಿಂದಲೇ ಲಯಬದ್ಧವಾಗಿ ಒತ್ತಿದರೂ ರಕ್ತವು ಹರಿಯುವುದೆಂದು ಪ್ರಕಟಿಸಿದರು. ಇವರಲ್ಲಿ ಹಿರಿಯನಾದ ಕೌವನ್‌ಹೋವನ್ನನು ವೈದ್ಯನಲ್ಲ, ವಿದ್ಯುಚ್ಛಕ್ತಿಯ ಎಂಜಿನಿಯರು ಎಂಬುದು ಗಮನಿಸತಕ್ಕ ಸಂಗತಿ. ಶಸ್ತ್ರವೈದ್ಯನ ಅಂಗೈಯಲ್ಲಿದ್ದ ವಿದ್ಯೆಯು ಅಂದಿನಿಂದ ಎರಡು ಕೈಗಳುಳ್ಳ ಎಲ್ಲರ ಸೊತ್ತಾಯಿತು. ವಿದ್ಯುತ್ ಆಘಾತ ಕೊಡುವ ಯಂತ್ರವೂ ಈಗ ಕೈಚೀಲದಷ್ಟಾಗಿದೆ. ಅದು ತಾನೇ ಹೃದಯದ ಗತಿಯನ್ನು ಪರೀಕ್ಷಿಸಿ, ಮಾಡಬೇಕಾದುದನ್ನು ಮಾತಿನಿಂದ ಹೇಳಿಕೊಡುತ್ತದೆ.

ಇಲ್ಲಿ ಪೂರ್ವಪಕ್ಷಿಗಳು ನಾಲ್ಕು ಆಕ್ಷೇಪಗಳನ್ನು ಎತ್ತಬಹುದು. ಇಂತಹ ಪ್ರಸಂಗವು ಅತಿ ವಿರಳವಾದುದರಿಂದ ಇದಕ್ಕಾಗಿ ಹಣವನ್ನೂ ಕಾಲವನ್ನೂ ವ್ಯಯಮಾಡುವುದು ತರವಲ್ಲ ಎಂಬುದು ಮೊದಲನೆಯದು. ಇದು ವೈದ್ಯರ ಕೆಲಸ, ಅರಿಯದವರು ಕೈಯಿಟ್ಟರೆ ಕೇಡಾದೀತು ಎಂಬುದು ಎರಡನೆಯದು. ಆಯುಸ್ಸು ಪ್ರಾರಬ್ಧಾಧೀನ, ಅದನ್ನು ಕೂಡಿಸುವವರಾರು ಎಂಬುದು ಮೂರನೆಯದು. ಎಳೆಯ ಮಕ್ಕಳಿಗೆ ಇದನ್ನು ಕಲಿಸಿದರೆ, ಒಡನಾಡಿಯು ಉಳಿಯದಿದ್ದಾಗ ತಾವೇ ಕೊಂದೆವೆಂಬ ಭಾರವು ಜನ್ಮಪೂರ್ತಿ ಅವರ ಮೇಲೆ ಕೂರುವುದಲ್ಲವೆ ಎಂಬುದು ನಾಲ್ಕನೆಯದು.

ಮೊದಲನೆಯದಕ್ಕೆ ಸಮಾಧಾನವೇನೆಂದರೆ, ಬೆಂಕಿಯೂ ವಿರಳವೇ. ಆದರೂ ಶಾಲೆಯಲ್ಲಿ ಮರಳಿನ ಬಕೆಟ್ಟನ್ನು ತೂಗುಹಾಕುವುದುಂಟು. ಇದಲ್ಲದೆ ಶಾಲೆಯಲ್ಲಿರುವವರು ಮಕ್ಕಳು ಮಾತ್ರವಲ್ಲ. ಉಪಾಧ್ಯಾಯರು, ಅಡಿಗೆಯವರು, ಸಭೆಗೆ ಬರುವ ಅಜ್ಜ ಅಜ್ಜಿಯರು ಎಲ್ಲರೂ ಇದ್ದಾರೆ. ಆಸ್ಪತ್ರೆಯ ಹೊರಗೆ ಆಗುವ ಹೃದಯಸ್ತಂಭನಗಳಲ್ಲಿ ಹೆಚ್ಚಿನವು ಮನೆಗಳಲ್ಲಿಯೇ ಆಗುತ್ತವೆ. ಶಾಲೆಯಲ್ಲಿ ಕಲಿತ ಹುಡುಗಿಯು ಈ ವಿದ್ಯೆಯನ್ನು ಮನೆಗೂ ಕೊಂಡೊಯ್ಯುತ್ತಾಳೆ. ಎರಡನೆಯದಕ್ಕೆ ಉತ್ತರವು ಇನ್ನೂ ಸುಲಭ. ಹೃದಯ ನಿಂತವನು ಆಗಲೇ ಸಾವಿನ ಬಾಯಿಯಲ್ಲಿದ್ದಾನೆ. ಒತ್ತುವಾಗ ಪಕ್ಕೆಲುಬು ಮುರಿದರೂ ಅದು ಕೂಡಿಕೊಂಡೀತು, ಹೋದ ಪ್ರಾಣವು ಕೂಡದು. ಆಘಾತವು ಬೇಡವಾದ ಹೃದಯಕ್ಕೆ ಯಂತ್ರವೇ ಆಘಾತವನ್ನು ಕೊಡುವುದಿಲ್ಲ.

ಪ್ರಾರಬ್ಧವಾದಿಗೆ ಕೇಳಬೇಕಾದುದು ಇಷ್ಟೇ: ಶಾಲೆಯ ಅಂಗಳದ ಬಾವಿಗೆ ಕಟ್ಟೆಯನ್ನೇಕೆ ಕಟ್ಟಿಸಿದಿರಿ? ಮಗುವಿಗೆ ಜ್ವರ ಬಂದರೆ ಔಷಧವನ್ನೇಕೆ ಕುಡಿಸುವಿರಿ? ಪುರುಷಪ್ರಯತ್ನವು ಮುಗಿದ ಮೇಲೆ ಉಳಿದುದಕ್ಕೆ ದೈವವೆಂದು ಹೆಸರು; ಪ್ರಯತ್ನವನ್ನೇ ಮಾಡದವನು ದೈವದ ಹೆಸರನ್ನು ಹೇಳುವುದು ತನ್ನ ಉಪೇಕ್ಷೆಗೆ ಹೊದಿಸಿದ ಪೀತಾಂಬರ.

ನಾಲ್ಕನೆಯ ಆಕ್ಷೇಪವು ಹಗುರವಾದುದಲ್ಲ. ಎಷ್ಟು ಚೆನ್ನಾಗಿ ಮಾಡಿದರೂ ಬಹುಮಂದಿ ಉಳಿಯುವುದಿಲ್ಲವೆಂಬುದು ಸತ್ಯ. ಇದನ್ನು ಮುಚ್ಚಿ ಕಲಿಸಿದರೆ ಮಕ್ಕಳಿಗೆ ಮಾಡುವ ಮೋಸ. ಡೆನ್ಮಾರ್ಕ್ ದೇಶವು ೨೦೦೫ರಲ್ಲಿ ಶಾಲೆಗಳಲ್ಲಿ ಈ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಮರುವರ್ಷ ವಾಹನ ನಡೆಸುವ ಪರವಾನಗಿ ಪಡೆಯುವವರಿಗೂ ವಿಧಿಸಿತು. ಬಿದ್ದವರಿಗೆ ಹತ್ತಿರದವರೇ ಎದೆಯೊತ್ತಿ ನೆರವಾದ ಪ್ರಸಂಗಗಳು ಅಲ್ಲಿ ೨೦೦೧ರಲ್ಲಿ ನೂರಕ್ಕೆ ೨೧ರಷ್ಟಿದ್ದವು. ೨೦೧೦ರ ಹೊತ್ತಿಗೆ ಸುಮಾರು ೪೫ಕ್ಕೆ ಏರಿದವು. ೩೦ ದಿನಗಳ ಬಳಿಕ ಬದುಕಿದ್ದವರು ನೂರಕ್ಕೆ ಮೂರೂವರೆಯಿಂದ ಸುಮಾರು ೧೧ಕ್ಕೆ ಏರಿದರು. ಇದು ಶಾಲೆಗಳೊಂದರಿಂದಲೇ ಆದುದಲ್ಲ, ಇತರ ಏರ್ಪಾಡುಗಳೂ ಕೂಡಿದ್ದವು. ಬದುಕಿದವರ ಸಂಖ್ಯೆ ಮೂರು ಪಟ್ಟಾಯಿತೆಂಬುದು ಹರ್ಷದ ಸಂಗತಿ. ಆದರೂ ನೂರರಲ್ಲಿ ಸುಮಾರು ೮೯ ಮಂದಿ ಉಳಿಯಲಿಲ್ಲವೆಂಬುದೂ ಅದೇ ಲೆಕ್ಕದೊಳಗಿನ ಮಾತು. ಆದುದರಿಂದ ಕೈಗಳಿಗೆ ವಿದ್ಯೆಯನ್ನು ಕಲಿಸುವಾಗಲೇ ಮನಸ್ಸಿಗೂ ಒಂದು ಪಾಠವನ್ನು ಕಲಿಸಬೇಕು: ಮಾಡತಕ್ಕುದನ್ನು ಮಾಡಿದವನಿಗೆ ಫಲವು ದೊರೆಯದಿದ್ದರೆ ದೋಷವಿಲ್ಲ. ವಾಸ್ತವವಾಗಿ, ಏನನ್ನೂ ಅರಿಯದೆ ನಿಂತು ನೋಡಿದ ಮಗುವಿನ ನೋವು, ಯತ್ನಿಸಿ ಸೋತ ಮಗುವಿನ ನೋವಿಗಿಂತ ಕಡಮೆಯೆಂದು ಯಾರು ಹೇಳಬಲ್ಲರು?

ಸಿದ್ಧತೆಯಾದರೂ ಅಸಾಧ್ಯವಾದುದಲ್ಲ. ಕೂಗಿದರೆ ಎಚ್ಚರಗೊಳ್ಳದೆ, ಸಹಜವಾಗಿ ಉಸಿರಾಡದೆ ಬಿದ್ದವರೆಲ್ಲರನ್ನೂ ಹೃದಯ ನಿಂತವರೆಂದೇ ಭಾವಿಸಬೇಕು. ನಡುನಡುವೆ ಬರುವ ಏದುಸಿರು ಉಸಿರಲ್ಲ. ಮೊದಲಲ್ಲಿ ಕಾಣುವ ಸೆಳೆತವು ಅಪಸ್ಮಾರವೆಂಬ ಭ್ರಮೆಯನ್ನು ಹುಟ್ಟಿಸಬಹುದು. ಒಬ್ಬರು ೧೦೮ಕ್ಕೆ ಕರೆಯಬೇಕು. ಒಬ್ಬರು ಎದೆಯ ನಡುವೆ ನಿಮಿಷಕ್ಕೆ ೧೦೦ರಿಂದ ೧೨೦ ಸಲ, ಸುಮಾರು ೫ ಸೆಂಟಿಮೀಟರ್ ಆಳಕ್ಕೆ, ಚಿಕ್ಕ ಮಕ್ಕಳಲ್ಲಿ ಎದೆಯ ದಪ್ಪದ ಮೂರರಲ್ಲೊಂದು ಪಾಲಿನಷ್ಟು, ಒತ್ತಿ ಬಿಡುತ್ತಿರಬೇಕು. ಬಾಯಿಯಿಂದ ಉಸಿರು ಕೊಡಲು ಕಲಿತವರು ಅದನ್ನೂ ಕೊಡಬೇಕು. ಒಬ್ಬರು ಯಂತ್ರವನ್ನು ತರಬೇಕು. ಒಬ್ಬರು ಗೇಟಿನಲ್ಲಿ ನಿಂತು ಆಂಬುಲೆನ್ಸಿಗೆ ದಾರಿ ತೋರಬೇಕು. ಒಬ್ಬರು ಉಳಿದ ಮಕ್ಕಳನ್ನು ದೂರ ಕರೆದೊಯ್ಯಬೇಕು. ಯಾರು ಯಾವುದನ್ನು ಮಾಡತಕ್ಕವರೆಂಬುದು ಮೊದಲೇ ಗೊತ್ತಾಗಿರಬೇಕು. ಯಂತ್ರವಿದ್ದರೆ ಅದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗದೊಳಗೆ ಇರತಕ್ಕದ್ದಲ್ಲ; ಅದರ ಬ್ಯಾಟರಿಗೂ ಎದೆಗೆ ಅಂಟಿಸುವ ಪಟ್ಟಿಗಳಿಗೂ ಅವಧಿಯುಂಟೆಂಬುದನ್ನು ಮರೆಯತಕ್ಕದ್ದಲ್ಲ. ಯಂತ್ರಕ್ಕೆ ಹಣವಿಲ್ಲದ ಶಾಲೆಗೂ ಕೈಗಳಿಗೆ ಕೊರತೆಯಿಲ್ಲ.

ಒಮ್ಮೆ ಕಲಿತರೆ ಸಾಲದು. ಕರ್ಣನಿಗೆ ಬ್ರಹ್ಮಾಸ್ತ್ರವು ತಿಳಿದಿತ್ತು. ಬೇಕಾದ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಅವನಿಗೆ ಶಾಪವು ಕಾರಣವಾದರೆ, ಸಾಮಾನ್ಯರಿಗೆ ಅಭ್ಯಾಸವಿಲ್ಲದಿರುವುದೇ ಶಾಪ. ೧೨ ವರ್ಷ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆಗಳಷ್ಟು ಇದನ್ನು ಎಲ್ಲ ಶಾಲೆಗಳಲ್ಲಿ ಕಲಿಸಬೇಕೆಂಬ ಸೂಚನೆಗೆ ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಅನುಮೋದನೆಯನ್ನಿತ್ತಿತು. ವರ್ಷದ ಪಾಠಗಳ ನಡುವೆ ಎರಡು ಗಂಟೆಗಳು ದೊಡ್ಡ ತ್ಯಾಗವಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ದೈವಕ್ಕೂ ಉಪೇಕ್ಷೆಗೂ ನಡುವಣ ಗೆರೆಯು ಸ್ಥಿರವಾದುದಲ್ಲ. ಈ ವಿದ್ಯೆಯು ಲೋಕದಲ್ಲಿ ಇಲ್ಲದಿದ್ದಾಗ ಬಿದ್ದ ಮಗುವಿನ ಬಳಿ ಕೈಕಟ್ಟಿ ಅತ್ತ ಉಪಾಧ್ಯಾಯನು ನಿರ್ದೋಷಿ. ವಿದ್ಯೆಯು ಬೆಳೆದಂತೆ ದೈವದ ಸೀಮೆಯು ಕುಗ್ಗುತ್ತದೆ, ಧರ್ಮದ ಸೀಮೆಯು ಹಿಗ್ಗುತ್ತದೆ. ಇಂದಿನ ದಿನ ಅದೇ ಅಳುವು ಅವನನ್ನು ಪೂರ್ಣವಾಗಿ ಬಿಡುಗಡೆಮಾಡಲಾರದು. ಆದರೆ ಯಾರೂ ಕಲಿಸದೆ ಬಿಟ್ಟ ಒಬ್ಬ ಬಡ ಉಪಾಧ್ಯಾಯನ ಮೇಲೆಯೇ ಹೊಣೆಯನ್ನೆಲ್ಲ ಹೊರಿಸುವುದೂ ನ್ಯಾಯವಲ್ಲ. ಕಲಿಸಬಲ್ಲವರಾಗಿಯೂ ಕಲಿಸದವರು, ಶಾಲೆಗಳನ್ನು ನಡೆಯಿಸುವ ಮಂಡಲಿಗಳು, ಸರ್ಕಾರ, ಊರಿನ ಹಿರಿಯರು, ಇವರೆಲ್ಲರೂ ಆ ನಿಕ್ಷೇಪಕ್ಕೆ ಪಾಲುಗಾರರು. ಮನೆಗೆ ಬೆಂಕಿ ಹತ್ತಿದಾಗ ಬಾವಿ ತೋಡಿದವನ ಗಾದೆಯನ್ನು ಮಕ್ಕಳಿಗೆ ಕಲಿಸದ ಪಾಠಶಾಲೆಯಿಲ್ಲ. ಆ ಗಾದೆಯು ತನಗೂ ಸಲ್ಲುತ್ತದೆಂಬುದನ್ನು ಪಾಠಶಾಲೆಯು ಅರಿಯುವುದು ಒಂದು ಉಳಿದಿದೆ.