ತುಕ್ಕಿನ ಮೇಲಿನ ಕುಂಕುಮ



ಮಹಾನವಮಿಯಂದು ನಾವೆಲ್ಲರೂ ಆಯುಧಪೂಜೆಯನ್ನು ಆಚರಿಸುತ್ತೇವೆ. ವಾಹನಕ್ಕೆ ಚೆಂಡುಹೂವಿನ ಮಾಲೆ, ಚಕ್ರದಡಿಗೆ ನಿಂಬೆಹಣ್ಣು, ಹೊಲಿಗೆಯಂತ್ರಕ್ಕೆ ಅರಿಶಿನ ಕುಂಕುಮ, ಹೊಸ್ತಿಲಿನಾಚೆ ಬೂದುಗುಂಬಳ. ಯಾವುದಕ್ಕೂ ಕೊರತೆಯಿಲ್ಲ. ಆದರೆ ವಿಗ್ರಹಕ್ಕೆ ಹೊಸ ಹೂವನ್ನೇರಿಸುವ ಮುನ್ನ ನಿನ್ನೆಯ ನಿರ್ಮಾಲ್ಯವನ್ನು ತೆಗೆಯಬೇಕೆಂಬುದು ಮನೆಯ ಮಕ್ಕಳೂ ಬಲ್ಲ ವಿಧಿ. ಆಯುಧದ ನಿರ್ಮಾಲ್ಯವೆಂದರೆ ಅದರ ತುಕ್ಕಲ್ಲವೇ? ಅದನ್ನು ಉಳಿಸಿಕೊಂಡು ಮೇಲೆ ಕುಂಕುಮವನ್ನಿಟ್ಟರೆ ನೋಡುವವರಿಗೆ ಭೇದ ತೋರದು, ಎರಡೂ ಕೆಂಪೇ. ಇಟ್ಟವನಿಗೆ ಮಾತ್ರ ಗೊತ್ತಿರುತ್ತದೆ.

ಹಾಗೆ ಇಟ್ಟವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

1955ರಲ್ಲಿ ಗೋದ್ರೆಜ್ ಸಂಸ್ಥೆಯು ಮುಂಬಯಿಯಲ್ಲಿಯೇ ಬೆರಳಚ್ಚು ಯಂತ್ರಗಳನ್ನು ತಯಾರಿಸತೊಡಗಿತು. ಅಂಥದೊಂದು ಯಂತ್ರವನ್ನು ನಮ್ಮ ತೀರ್ಥರೂಪರು 1961ರಲ್ಲಿ ಸಾಲ ಮಾಡಿ ಕೊಂಡರು. ಈ ನಗರದ ನ್ಯಾಯಾಲಯವೊಂದರ ಹೊರಗಿನ ಮರದ ನೆರಳಿನಲ್ಲಿ, ಸ್ಟೂಲಿನ ಮೇಲೆ ಕುಳಿತು, ಪುಟಕ್ಕಿಷ್ಟೆಂದು ಅರ್ಜಿ, ಅಫಿಡವಿಟ್ಟುಗಳನ್ನು ಟೈಪು ಮಾಡಿ ನಾಲ್ವರು ಮಕ್ಕಳನ್ನು ಓದಿಸಿದರು. ನಾನು ಕಾಲೇಜಿನ ಗೆಳೆಯರಲ್ಲಿ ‘ತಂದೆಯವರು ಕೋರ್ಟಿನಲ್ಲಿದ್ದಾರೆ’ ಎನ್ನುತ್ತಿದ್ದೆ. ಕೋರ್ಟಿನ ಹೊರಗಿದ್ದಾರೆಂದು ಹೇಳಲು ನಾಲಿಗೆ ಏಳಲಿಲ್ಲ. ಅವರು ತೀರಿಕೊಂಡ ಬಳಿಕ ಯಂತ್ರವು ಅಟ್ಟವನ್ನೇರಿತು. ಪ್ರತಿ ನವಮಿಯಂದು ಕೆಳಗೆ ನಿಂತ ಕಾರಿಗೆ ಯಥಾವಿಧಿ ಪೂಜೆ ಸಲ್ಲಿಸಿ, ಏಣಿಯ ಮೇಲಿನಿಂದಲೇ ಅದಕ್ಕೊಂದು ಬೊಟ್ಟು ಕುಂಕುಮವನ್ನು ತಗುಲಿಸಿ ಇಳಿಯುತ್ತಿದ್ದೆ. ಕಳೆದ ವರ್ಷ ಮೊಮ್ಮಗನು ನೋಡಬೇಕೆಂದು ಹಟ ಹಿಡಿದಾಗ ಕೆಳಗಿಳಿಸಿದೆವು. ಒಂದು ಕೀಲಿಯೂ ಅಲುಗಲಿಲ್ಲ. ಅಂಗೈಗೆ ಮೆತ್ತಿದ ಕೆಂಪಿನಲ್ಲಿ ಕುಂಕುಮವೆಷ್ಟು, ತುಕ್ಕೆಷ್ಟು ಎಂದು ಬೇರ್ಪಡಿಸಲಾಗಲಿಲ್ಲ.

ಪಾಂಡವರೂ ಆಯುಧಗಳನ್ನು ಮರದ ಮೇಲಿಟ್ಟವರೇ. ವಿರಾಟಪರ್ವದ ಆ ಪ್ರಸಂಗವನ್ನು ನಾವು ದಶಮಿಯಂದು ಬನ್ನಿಯ ಎಲೆಯೊಡನೆ ಸ್ಮರಿಸುತ್ತೇವೆ. ಆದರೆ ಅವರು ಹೇಗಿಟ್ಟರೆಂಬುದನ್ನು ಗಮನಿಸಬೇಕು. ಮೊದಲು ಬಿಲ್ಲುಗಳ ಹೆದೆಯನ್ನು ಇಳಿಸಿದರು. ಬಳಿಕ ನಕುಲನು ಶಮೀವೃಕ್ಷವನ್ನೇರಿ, ಮುರಿಯದ ಕೊಂಬೆಯನ್ನೂ ಮಳೆ ತಾಗದ ಎಡೆಯನ್ನೂ ಹುಡುಕಿ ಬಿಗಿದು ಕಟ್ಟಿದನು. ಮರಳಿ ಎತ್ತಿಕೊಳ್ಳುವ ಸಂಕಲ್ಪವುಳ್ಳವನು ಇಡುವ ರೀತಿ ಅದು. ನಾನಾದರೋ ಅರಬ್ಬೀ ಸಮುದ್ರದ ಉಪ್ಪುಗಾಳಿಗೆ, ಮೇಲೊಂದು ಬಟ್ಟೆಯನ್ನೂ ಹೊದಿಸದೆ ಒಡ್ಡಿದ್ದೆ.

ಬಹುದಿನಗಳ ಹುಡುಕಾಟದ ಬಳಿಕ ಈ ಯಂತ್ರಗಳನ್ನು ಬಲ್ಲ ವೃದ್ಧರೊಬ್ಬರು ದೊರೆತರು. ಅವರು ಯಂತ್ರವನ್ನು ತಿರುಗಿಸಿ ನೋಡಿ, ‘ಬೇಟಾ, ಸತ್ತಿಲ್ಲ, ಸಿಟ್ಟಾಗಿದೆ’ ಎಂದರು. ಕೆಲಸವನ್ನು ನನ್ನ ಕೈಯಿಂದಲೇ ಮಾಡಿಸಿದರು. ಮೊದಲು ಒಣ ಕುಂಚದಿಂದ ಧೂಳನ್ನು ತೆಗೆದೆ. ಬಿಗಿದ ಸಂದುಗಳಿಗೆ ತೆಳುವಾದ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ರಾತ್ರಿಯಿಡೀ ಕಾದೆ. ಅವಸರದಿಂದ ಕೀಲಿಯನ್ನು ಒತ್ತಿದರೆ ಕಡ್ಡಿ ಬಾಗುತ್ತದೆ, ಬಾಗಿದ ಕಡ್ಡಿಯ ಅಕ್ಷರ ಮತ್ತೆ ಸಾಲಿಗೆ ಬರುವುದು ದುರ್ಲಭ. ತುಕ್ಕನ್ನು ನವಿರಾದ ಉಕ್ಕಿನ ನಾರಿನಿಂದ ಉಜ್ಜಬೇಕು, ಆದರೆ ಬಣ್ಣ ಹಾಗೂ ಹೆಸರಿನ ಅಕ್ಷರಗಳಿರುವಲ್ಲಿ ಕೈ ತಡೆಯಬೇಕು. ಕ್ಯಾರೇಜನ್ನು ಎಳೆಯುವ ಪಟ್ಟಿ ಹರಿದಿತ್ತು, ರೋಲರಿನ ರಬ್ಬರು ಕಲ್ಲಾಗಿತ್ತು. ಅವೆರಡನ್ನು ಹೊಸದಾಗಿಯೇ ಹಾಕಿಸಬೇಕಾಯಿತು.

ಎಣ್ಣೆಯ ವಿಷಯದಲ್ಲಿ ಮಾತ್ರ ಅವರು ನನ್ನನ್ನು ಗದರಿದರು. ಅಕ್ಷರದ ಕಡ್ಡಿಗಳು ಆಡುವ ಸೀಳುಗಳಿಗೆ ನಾನು ಧಾರಾಳವಾಗಿ ಎಣ್ಣೆಯೆರೆಯಹೊರಟಿದ್ದೆ. ಅಲ್ಲಿ ನಿಂತ ಎಣ್ಣೆಯು ಧೂಳನ್ನು ಸೆಳೆದು ಅಂಟಾಗುತ್ತದೆ, ಆಮೇಲೆ ಕಡ್ಡಿ ಏಳುವುದೇ ಇಲ್ಲ. ಆ ಸೀಳುಗಳನ್ನು ತೊಳೆದು ಒಣಗಿಸಿ ಹಾಗೆಯೇ ಬಿಡಬೇಕಂತೆ. ಅಭಿಷೇಕವೆಷ್ಟು ಹೆಚ್ಚೋ ಫಲವಷ್ಟು ಹೆಚ್ಚೆಂದು ನಂಬಿದ ನನಗೆ ಇದು ಹೊಸ ಪಾಠವಾಗಿತ್ತು. ನಮ್ಮ ಉತ್ಸವ ಸಮಿತಿಗಳಿಗೂ ಇದು ಅನ್ವಯಿಸುತ್ತದೆಂದರೆ ಹಿರಿಯರು ಕ್ಷಮಿಸಬೇಕು.

ಉಜ್ಜುತ್ತ ಕುಳಿತ ಆ ಸಂಜೆಗಳಲ್ಲಿ ಗೀತೆಯ ಮೂರನೆಯ ಅಧ್ಯಾಯವು ನೆನಪಾಗುತ್ತಿತ್ತು. ಕಾಮವು ಜ್ಞಾನವನ್ನು ಆವರಿಸುವ ಬಗೆಗೆ ಭಗವಂತನು ಅಲ್ಲಿ ಕನ್ನಡಿಯ ಮೇಲಿನ ಧೂಳಿನ ಹೋಲಿಕೆಯನ್ನು ಕೊಡುತ್ತಾನೆ. ಧೂಳು ಹೊರಗಿನಿಂದ ಬಂದುದು, ಒರೆಸಿದರೆ ಹೋಯಿತು, ಕನ್ನಡಿಗೇನೂ ನಷ್ಟವಿಲ್ಲ. ತುಕ್ಕಿನ ಬಗೆ ಬೇರೆ. ನೀರು, ಗಾಳಿಗಳು ನೆಪ ಮಾತ್ರ, ಕಬ್ಬಿಣವೇ ತನ್ನ ಮೈಯನ್ನು ಕೊಟ್ಟು ತುಕ್ಕಾಗುತ್ತದೆ. ಒರೆಸಿದಷ್ಟೂ ಕಬ್ಬಿಣ ಕಡಿಮೆಯಾಗುತ್ತದೆ, ಕುಳಿ ಉಳಿಯುತ್ತದೆ. ನನ್ನ ನಾಚಿಕೆಯೂ ಆ ಜಾತಿಯದು. ಅದನ್ನು ಯಾರೂ ನನ್ನ ಮೇಲೆ ಎರಚಲಿಲ್ಲ. ತಂದೆಯವರ ಬೆರಳುಗಳು ಗಳಿಸಿದ ಅನ್ನದಿಂದಲೇ ಅದು ಬೆಳೆಯಿತು. ಹಬ್ಬಕ್ಕೊಮ್ಮೆ ಒರೆಸಿದರೆ ಹೋಗುವ ಧೂಳೆಂದು ಅದನ್ನು ಇಷ್ಟು ವರ್ಷ ಕರೆದುಕೊಂಡಿದ್ದೆ.

ನವಮಿಯಂದು ಯಂತ್ರವನ್ನು ದೇವರ ಮುಂದಿನ ಮಣೆಯ ಮೇಲಿಟ್ಟೆವು. ಆ ದಿನ ಆಯುಧಕ್ಕೆ ವಿಶ್ರಾಂತಿ, ಯಾರೂ ಮುಟ್ಟಲಿಲ್ಲ. ದಶಮಿಯ ಬೆಳಿಗ್ಗೆ ಹೊಸ ರಿಬ್ಬನ್ನಿನಲ್ಲಿ ತಂದೆಯವರ ಹೆಸರನ್ನೂ, ಅದರ ಕೆಳಗೆ ಇಂಗ್ಲಿಷಿನಲ್ಲಿಯೇ ‘ಟೈಪಿಸ್ಟ್, ಕೋರ್ಟಿನ ಹೊರಗೆ’ ಎಂದೂ ಒತ್ತಿದೆ. ‘ಟಿ’ ಅಕ್ಷರವು ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಬಿತ್ತು. ಅವರು ಟೈಪು ಮಾಡಿದ ಹಳೆಯ ಅರ್ಜಿಯೊಂದು ಮನೆಯಲ್ಲಿದೆ, ಅದರಲ್ಲಿಯೂ ಹೀಗೆಯೇ ಇದೆ. ಸರಿಪಡಿಸಲೇ ಎಂದು ಆ ವೃದ್ಧರು ಕೇಳಿದರು. ಬೇಡವೆಂದೆ.