ಸಿಡಿಲಿಗೆ ಹೊಣೆ ಯಾರು?

1969ರ ನವೆಂಬರ್ 14ರಂದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಮಳೆ. ಚಂದ್ರನತ್ತ ಹೊರಟ ಅಪೊಲೊ 12 ಆ ಮಳೆಮೋಡದೊಳಗೇ ಏರಿತು. ಸುಮಾರು 36ನೇ ಸೆಕೆಂಡಿಗೆ ಒಂದು ಸಿಡಿಲು, 52ಕ್ಕೆ ಇನ್ನೊಂದು. ನೌಕೆಯ ಫಲಕದ ತುಂಬ ಎಚ್ಚರಿಕೆಯ ದೀಪಗಳು. ಹ್ಯೂಸ್ಟನ್‌ನಲ್ಲಿದ್ದ ಯುವ ಎಂಜಿನಿಯರ್ ಜಾನ್ ಆರನ್‌ಗೆ ಬಹುತೇಕ ಯಾರೂ ಬಳಸದ ಸ್ವಿಚ್ಚೊಂದು ನೆನಪಿತ್ತು; ಅದು ಕೆಲಸಕ್ಕೆ ಬಂತು. ಯಾನಿಗಳಲ್ಲಿ ಇಬ್ಬರು ಚಂದ್ರನ ಮೇಲಿಳಿದರು, ಮೂವರೂ ಕ್ಷೇಮವಾಗಿ ಮರಳಿದರು.

1987ರ ಮಾರ್ಚ್ 26ರಂದು ಅದೇ ಕರಾವಳಿಯಿಂದ ಅಟ್ಲಾಸ್-ಸೆಂಟಾರ್ ರಾಕೆಟ್ ಇಂಥದೇ ಮೋಡ ಹೊಕ್ಕಿತು. ಸಿಡಿಲು ಅದರ ಕಂಪ್ಯೂಟರಿನ ಸ್ಮೃತಿಯನ್ನು ಕೆಡಿಸಿತು. ರಾಕೆಟ್ ದಿಕ್ಕು ತಪ್ಪಿ ಉಪಗ್ರಹದ ಸಮೇತ ನಾಶವಾಯಿತು. ಎರಡೂ ಸಲ ಮೋಡದೊಳಗೆ ಹಾರಿಸುವ ಹೆಚ್ಚುಕಡಿಮೆ ಒಂದೇ ಬಗೆಯ ನಿರ್ಧಾರ. ಒಂದಕ್ಕೆ ಚಪ್ಪಾಳೆ, ಇನ್ನೊಂದಕ್ಕೆ ತನಿಖೆ. ತತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಎತ್ತಿದ ತಕರಾರು ಇದೇ: ಅದೃಷ್ಟ ತಂದ ಫಲಕ್ಕೆ ಮನುಷ್ಯನನ್ನು ಹೊಗಳುವುದು, ತೆಗಳುವುದು ನ್ಯಾಯವೇ?

ಗೀತೆಯ 18ನೇ ಅಧ್ಯಾಯ ಕರ್ಮಸಿದ್ಧಿಗೆ ಐದು ಕಾರಣಗಳನ್ನು ಹೇಳಿ, ದೈವವನ್ನು ಐದನೆಯದಾಗಿ ಇಡುತ್ತದೆ. ಸಿಡಿಲನ್ನು ಆ ಖಾತೆಗೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ತೊಡಕೆಂದರೆ, ಎರಡೂ ಸಲ ಸಿಡಿಲನ್ನು ಕರೆದದ್ದು ರಾಕೆಟ್ಟೇ! ತಾನಾಗಿ ಮಿಂಚದಿದ್ದರೂ ವಿದ್ಯುತ್ತು ತುಂಬಿಕೊಂಡ ಮೋಡದಲ್ಲಿ, ಉದ್ದನೆಯ ಲೋಹದ ಒಡಲೂ ಅದರ ಬೆಂಕಿಯ ಬಾಲವೂ ಸೇರಿ ವಾಹಕವಾಗುತ್ತವೆ. ಕರ್ತೃ ಎಲ್ಲಿ ಮುಗಿದು ದೈವ ಎಲ್ಲಿ ಶುರುವಾಯಿತು?

ದೈವದ ಪಾಲನ್ನು ಕೇಳಿಕೊಳ್ಳಲು ಇಸ್ರೊ ಮುಖ್ಯಸ್ಥರು ಉಡಾವಣೆಗೆ ಮುನ್ನ ರಾಕೆಟ್ಟಿನ ಪುಟ್ಟ ಮಾದರಿ ಹಿಡಿದು ತಿರುಪತಿಗೆ ಹೋಗುವುದನ್ನು ಗೇಲಿ ಮಾಡುವವರಿದ್ದಾರೆ. ಗೇಲಿ ಅವಸರದ್ದು. ಪೂಜೆ ಮುಗಿದ ಮೇಲೂ ಶ್ರೀಹರಿಕೋಟದಲ್ಲಿ ಮೇಲ್ಗಾಳಿ ಅಳೆಯಲು ಬಲೂನು ಬಿಡುತ್ತಾರೆ. ಹವಾಮಾನ ಒಪ್ಪದಿದ್ದರೆ, ಪ್ರಸಾದ ಬಂದಿದ್ದರೂ ಕ್ಷಣಗಣನೆ ನಿಲ್ಲುತ್ತದೆ.