ಗಾಡಿ ದಿಕ್ಕು ಬದಲಿಸುವ ಊರು

ವಿಜಯವಾಡದ ಕಡೆಯಿಂದ ಹೌರಾಕ್ಕೆ ಹೊರಟ ರೈಲು ವಿಶಾಖಪಟ್ಟಣದ ನಿಲ್ದಾಣಕ್ಕೆ ಬಂದರೆ, ಬಂದ ಬದಿಯಿಂದಲೇ ಹೊರಬೀಳಬೇಕು. ಎಂಜಿನ್ ಕಳಚಿ ಇನ್ನೊಂದು ತುದಿಗೆ ಜೋಡಿಸುತ್ತಾರೆ. ಈ ತಾಪತ್ರಯ ಬೇಡದ ಗಾಡಿಗಳು ಅದಕ್ಕೂ ಮುಂಚಿನ ದುವ್ವಾಡ ನಿಲ್ದಾಣದಿಂದಲೇ ಬೇರೆ ದಾರಿ ಹಿಡಿಯುತ್ತವೆ. ಗಾಡಿ ವಾಪಸು ಹೊರಟಿತೆಂದು ಹೊಸಬರು ಗಾಬರಿಬಿದ್ದರೆ, ನನ್ನ ಚಿಕ್ಕಮ್ಮನ ಮಗ ಆಗಲೇ ಅತ್ಯಂತ ನಿರಾಳ. ಅವನಿಗೆ ಆಟಿಸಂ ಇದೆ. ಮನೆಯಲ್ಲಿ ಊಟದ ಹೊತ್ತು ಸ್ವಲ್ಪ ಸರಿದರೂ ತಳಮಳಿಸುತ್ತಾನೆ. ಅವನಿಗೆ ಬದಲಾವಣೆ ಆಗಿಬರುವುದಿಲ್ಲ ಎನ್ನುವುದು ಅರ್ಧ ಸತ್ಯ. ಕಾರಣ ತಿಳಿಯದ ಬದಲಾವಣೆ ಆಗಿಬರುವುದಿಲ್ಲ, ಅಷ್ಟೇ. ರೈಲಿನ ಲೋಕದಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ, ಅದು ಅವನಿಗೆ ಗೊತ್ತಿದೆ.

2013ರ ಡಿಎಸ್‌ಎಂ-5 ಎಂಬ ಮನೋವೈದ್ಯಕೀಯ ಕೈಪಿಡಿ, ರೈಲಿನ ಮೇಲೆ ಅವನಿಗಿರುವಂಥ ತೀವ್ರ ಆಸಕ್ತಿಯನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸುತ್ತದೆ. ರೋಗನಿರ್ಣಯಕ್ಕೆ ಅದು ಸಾಕಾದೀತು, ಬದುಕಿಗೆ ಸಾಲದು. ಚಿಕ್ಕಮ್ಮನ ಮನೆಯವರು ಉಡುಪಿ ಕಡೆಯಿಂದ ವಿಜಯವಾಡಕ್ಕೆ ಹೋಗಿ ಹೋಟೆಲು ಹಾಕಿದವರು. ಗಲ್ಲಾದಲ್ಲಿ ಕೂತ ಇವನು ಗಿರಾಕಿಯ ಮುಖ ನೋಡುವುದಿಲ್ಲ, ಚಿಲ್ಲರೆ ಕೊಡುತ್ತಾ ತೆಲುಗಿನಲ್ಲಿ ‘ಏ ಬಂಡಿ?’ ಎಂದು ಕೇಳುತ್ತಾನೆ. ಯಾವ ಗಾಡಿ ಎಂದು ಹೇಳಿದರೆ ಸಾಕು, ಅಪರಿಚಿತರೊಡನೆ ಮಾತು ಹರಿಯುತ್ತದೆ. ಆಸಕ್ತಿ ಅವನನ್ನು ಜನರಿಂದ ದೂರ ಇಟ್ಟಿದೆ ಎನ್ನುವವರು ಒಮ್ಮೆ ಅಲ್ಲಿ ಕಾಫಿ ಕುಡಿಯಬೇಕು. ಈ ವಯಸ್ಸಿಗೆ ಇದೆಲ್ಲ ಯಾಕೆ ಎಂದು ಮೂಗು ಮುರಿಯುವ ನಮ್ಮ ಬಂಧುಗಳಿಗೆ 1983ರ ವಿಶ್ವಕಪ್ಪಿನ ಸ್ಕೋರು ಬಾಯಿಪಾಠವಿದೆ, ಅದಿರಲಿ.

2016ರ ಜನವರಿ 31ರಂದು ಮೀಸಲಾತಿ ಚಳವಳಿಯ ವೇಳೆ ತುನಿಯ ಬಳಿ ವಿಜಯವಾಡ-ವಿಶಾಖಪಟ್ಟಣ ನಡುವೆ ಓಡುವ ರತ್ನಾಚಲ್ ಎಕ್ಸ್‌ಪ್ರೆಸ್ಸಿಗೆ ಬೆಂಕಿ ಹಚ್ಚಿದರು. ಎಲ್ಲರೂ ರಾಜಕೀಯ ಮಾತಾಡುತ್ತಿದ್ದಾಗ ಇವನು ಬೋಗಿಗಳ ಬಗ್ಗೆಯೇ ಕೇಳುತ್ತಿದ್ದ. ಕೆಲವರಿಗೆ ಅದು ಕಲ್ಲುಮನಸ್ಸಾಗಿ ಕಂಡಿತು. ಅವನು ಹಲವು ದಿನ ಸರಿಯಾಗಿ ಉಣ್ಣಲಿಲ್ಲ. ದುಃಖ ಅವನಲ್ಲಿ ಬೋಗಿಯ ಹೆಸರಲ್ಲೇ ಬರುತ್ತದೆ.

ಆಟಿಸಂ ಇರುವ ಅಮೆರಿಕದ ಟೆಂಪಲ್ ಗ್ರಾಂಡಿನ್ ದನಗಳ ಮೇಲಿನ ಆಸ್ಥೆಯಿಂದಲೇ ದೊಡ್ಡ ಹೆಸರು ಮಾಡಿದರು. ಅವರ ಕಥೆ ಹೇಳಿ ಧೈರ್ಯ ತುಂಬುವವರಿಗೆ ಕೊರತೆಯಿಲ್ಲ. ಆದರೆ ಆಸಕ್ತಿ ದುಡಿದು ತಂದರೆ ಮಾತ್ರ ಒಪ್ಪುತ್ತೇವೆ ಎಂಬ ಷರತ್ತು ಅದರೊಳಗೆ ಅಡಗಿದೆಯೆಂದು ನನಗೆ ಅನುಮಾನ. ಇವನ ರೈಲುಜ್ಞಾನ ಬಿಡಿಗಾಸು ತಂದಿಲ್ಲ. ತರಲೇಬೇಕೆಂದೂ ಇಲ್ಲ.

ತಾವಿಲ್ಲದ ಕಾಲಕ್ಕೆಂದು ಚಿಕ್ಕಮ್ಮ ಅವನ ಹೆಸರಿನಲ್ಲಿ ಹಣ ಕೂಡಿಸುತ್ತಿದ್ದಾರೆ. ಔಷಧಿ, ಬಾಡಿಗೆ, ಊಟದ ಜೊತೆಗೆ ತಿಂಗಳಿಗೊಮ್ಮೆ ರತ್ನಾಚಲದಲ್ಲಿ ವಿಶಾಖಪಟ್ಟಣಕ್ಕೆ ಹೋಗಿಬರುವ ಟಿಕೆಟ್ಟೂ ಆ ಲೆಕ್ಕದಲ್ಲಿದೆ. ಚಿಕ್ಕಪ್ಪ ಅದನ್ನು ದಂಡದ ಖರ್ಚು ಅನ್ನುತ್ತಾರೆ. ನನಗೆ ಅದು ಬಾಡಿಗೆಯಷ್ಟೇ ಜರೂರಿನದು ಅನ್ನಿಸುತ್ತದೆ.